ಐದರ ಮೇಲೊಂದು ಬೊಟ್ಟು

ಗೋದಮ್ಮನಿಗೆ ಲೆಕ್ಕ ಬಿಟ್ಟರೆ ಬೇರೆ ಯಾವ ಕೆಲಸವೂ ನೆಟ್ಟಗೆ ಬರುತ್ತಿರಲಿಲ್ಲ. ಒಲೆ ಮೇಲೆ ಹಾಲಿಟ್ಟರೆ ಉಕ್ಕುತ್ತಿತ್ತು. ರಂಗೋಲಿಯ ಚುಕ್ಕಿಗಳನ್ನು ಅಳತೆ ಹಿಡಿದ ಹಾಗೆ ಇಡುತ್ತಿದ್ದಳು, ಗೆರೆ ಎಳೆಯುವ ಹೊತ್ತಿಗೆ ಎಲ್ಲಾ ಸೊಟ್ಟ. ಇನ್ನು ಸೂಜಿದಾರಕ್ಕೂ ಅವಳಿಗೂ ಎಣ್ಣೆ ಸೀಗೆಕಾಯಿ. ಕಿತ್ತುಹೋದ ರವಿಕೆಯ ಹುಕ್ಕುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಕೂಡಿಟ್ಟುಕೊಂಡು, ರಜಕ್ಕೆ ಮಂಡ್ಯಕ್ಕೆ ಹೋದಾಗ ತಾಯಿ ಪದ್ಮಮ್ಮನ ಮುಂದೆ ಸುರಿದುಬಿಡುತ್ತಿದ್ದಳು.

ಅಂಥ ಗೋದಮ್ಮನಿಗೆ, ಎಪ್ಪತ್ತೇಳನೇ ಇಸವಿಯ ದಸರಾ ರಜ ಶುರುವಾಗುವ ದಿನ, ಅರಳೀಕೊಪ್ಪಲು ಹೈಸ್ಕೂಲಿನ ಹೆಡ್‌ಮಾಸ್ಟರು ಚಲುವನಾರಾಯಣ ಅವರು ಆಫೀಸಿಗೆ ಕರೆದು ಹೇಳಿದರು:

"ನೋಡಿ ಗೋದಮ್ಮ, ರಜ ಮುಗಿದ ಕೂಡಲೇ ಮಂಡ್ಯದಿಂದ ಪರಿವೀಕ್ಷಕರು ಬರ್ತಾರೆ. ಅವರ ಮುಂದೆ ನಿಮ್ಮ ಮಿಷಿನ್ ಪಾಠ ನಡೀಲಿ. ಅವರು ಸೈ ಅಂದರೆ ಒಂಬತ್ತನೇ ಕ್ಲಾಸಿನ ಲೆಕ್ಕ ನಿಮಗೇ ಇರಲಿ. ಇಲ್ಲ ಅಂದರೆ ಲೆಕ್ಕ ನಾನು ತಗೋತೀನಿ. ನೀವು ಹುಡುಗಿಯರ ಹೊಲಿಗೆ ಪೀರಿಯಡ್ಡು ನೋಡ್ಕೊಳ್ಳಿ."

"ಹೊಲಿಗೇನಾ ಸಾರ್?"

"ಯಾಕೆ? ಹೆಣ್ಣುಮಕ್ಕಳಿಗೆ ಬರೋ ವಿದ್ಯೆ ತಾನೇ."

ಗೋದಮ್ಮ ತನ್ನ ರವಿಕೆಯ ತೋಳಿಗೆ ಚುಚ್ಚಿದ್ದ ಪಿನ್ನನ್ನು ಸೆರಗಿನಿಂದ ಮುಚ್ಚಿಕೊಂಡು ಹೊರಗೆ ಬಂದಳು.

ಮಿಷಿನ್ನು ಎಂದರೆ ಕ್ಯಾಲ್ಕುಲೇಟರು. ಗೋದಮ್ಮನ ಅಣ್ಣ ತಿರುನಾರಾಯಣ ಶಿವನಸಮುದ್ರದ ಪವರ್ ಹೌಸಿನಲ್ಲಿ ಇಂಜಿನಿಯರು. ಅವನಿಗೆ ಯಾರೋ ಸ್ನೇಹಿತರು ಸಿಂಗಪುರದಿಂದ ತಂದುಕೊಟ್ಟದ್ದು. ಸೋಪಿನ ಡಬ್ಬಿಯಷ್ಟು ದಪ್ಪ. ಹಿಂದುಗಡೆ ಸೆಲ್ಲು ಹಾಕಿ ಗುಂಡಿ ಒತ್ತಿದರೆ ಪುಟ್ಟ ಗಾಜಿನೊಳಗೆ ಅಂಕಿಗಳು ಕೆಂಡದ ಚೂರಿನ ಹಾಗೆ ಕೆಂಪಗೆ ಹೊತ್ತಿಕೊಳ್ಳುತ್ತಿದ್ದವು. ಆಮೇಲೆ ಅಣ್ಣನಿಗೆ ಅದಕ್ಕಿಂತ ದೊಡ್ಡದು ಸಿಕ್ಕಿತು. ಹಳೆಯದನ್ನು ತಂಗಿಯ ಕೈಗಿಟ್ಟು, "ನಿನಗೆ ಬಳೆ ಕೊಟ್ಟರೆ ಬೀರುವಿನಲ್ಲಿಡ್ತೀಯ. ಇದನ್ನಾದರೂ ಇಟ್ಕೋ" ಎಂದ.

ಗೋದಮ್ಮ ಇಟ್ಟುಕೊಳ್ಳಲಿಲ್ಲ, ನೇರವಾಗಿ ಕ್ಲಾಸಿಗೆ ತಂದಳು.

ಅರಳೀಕೊಪ್ಪಲಿನ ಒಂಬತ್ತನೇ ಕ್ಲಾಸಿನಲ್ಲಿ ಅದುವರೆಗೂ ಲೆಕ್ಕದ ಪೀರಿಯಡ್ಡು ಬಂತೆಂದರೆ ಅರ್ಧ ಮಕ್ಕಳಿಗೆ ಹೊಟ್ಟೆನೋವು ಬರುತ್ತಿತ್ತು. ನಾಲೆಗೆ ನೀರು ಬಿಟ್ಟ ದಿನವಂತೂ ಸಿದ್ದರಾಮು ಎಂಬ ಹುಡುಗ ಸ್ಕೂಲಿನ ಕಡೆ ತಲೆಯೇ ಹಾಕುತ್ತಿರಲಿಲ್ಲ. ಮಿಷಿನ್ನು ಬಂದ ಮೇಲೆ ಹೊಟ್ಟೆನೋವೂ ಹೋಯಿತು, ನಾಲೆಯೂ ಮರೆತುಹೋಯಿತು. ಗೋದಮ್ಮ ಒಂದು ಕಟ್ಟಳೆ ಮಾಡಿದ್ದಳು. ಬೋರ್ಡಿನ ಮೇಲೆ ಲೆಕ್ಕ ಬರೆದ ಕೂಡಲೇ ಎಲ್ಲರೂ ಬಾಯಲ್ಲಿ ಒಂದು ಅಂದಾಜು ಹೇಳಬೇಕು. ಆಮೇಲೆ ಮಿಷಿನ್ನು. ಯಾರ ಅಂದಾಜು ಹತ್ತಿರವೋ ಅವರಿಗೆ ಮುಂದಿನ ಸಲ ಗುಂಡಿ ಒತ್ತುವ ಹಕ್ಕು. ಗುಂಡಿಯ ಆಸೆಗೆ ಹಿಂದಿನ ಬೆಂಚಿನವರೆಲ್ಲ ಮುಂದೆ ಬಂದು ನೆಲದ ಮೇಲೆ ಕೂರತೊಡಗಿದರು. ಬೆಲ್ಲು ಹೊಡೆದರೂ ಏಳುತ್ತಿರಲಿಲ್ಲ.

ಆದರೆ ಮಕ್ಕಳು ಮಕ್ಕಳೇ. ಬರಬರುತ್ತಾ ಅಂದಾಜು ಎನ್ನುವುದು ಬಾಯಿಗೆ ಬಂದದ್ದು ಒದರುವ ಶಾಸ್ತ್ರವಾಯಿತು. ಮಿಷಿನ್ನು ಹೇಳಿದ್ದೇ ವೇದವಾಯಿತು. ಆರಕ್ಕೆ ಮೂರು ಕೂಡಿಸುವುದಕ್ಕೂ ಅದರ ಮುಂದೆ ಕೈಯೊಡ್ಡುವ ಹಾಗಾಯಿತು. ಗೋದಮ್ಮನಿಗೆ ಇದು ಕಾಣದೆ ಇರಲಿಲ್ಲ. ಖುಷಿಯಾಗಿದ್ದಾರಲ್ಲ, ಇರಲಿ ಬಿಡು ಎಂದುಕೊಂಡಳು. ಅಲ್ಲೇ ತಪ್ಪಿದ್ದು.

ಚಲುವನಾರಾಯಣರು ಕೆಟ್ಟವರಲ್ಲ. ಸಂಜೆ ಮಳೆ ಬಂದರೆ ತಮ್ಮ ಛತ್ರಿಯನ್ನು ಪಕ್ಕದ ಹಳ್ಳಿಯ ಹುಡುಗಿಯರಿಗೆ ಕೊಟ್ಟು ತಾವು ಪಂಚೆ ಎತ್ತಿಕಟ್ಟಿ ನೆನೆಯುತ್ತಾ ಹೋಗುವ ಮನುಷ್ಯ. ಆದರೆ ಮಗ್ಗಿಯ ಮನುಷ್ಯ. ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ನಿದ್ದೆಗಣ್ಣಿನಲ್ಲೂ ಒಪ್ಪಿಸುವವರು. ಒಂದು ದಿನ ಕ್ಲಾಸಿನ ಒಳಗೆ ಬಂದವರು ಮಿಷಿನ್ನು ಹಿಡಿದು ಕೂತಿದ್ದ ಸಿದ್ದರಾಮುವಿನ ಮುಂದೆ ನಿಂತರು.

"ಏನೋ, ನಿಮ್ಮಪ್ಪ ಈ ಸಲ ಕಬ್ಬು ಹಾಕಿದಾನೇನೋ?"

"ಊಂ ಸಾ."

"ಎಕರೆಗೆ ನಲವತ್ತು ಟನ್ನು ಬಂದರೆ ಎರಡೂವರೆ ಎಕರೆಗೆ ಎಷ್ಟು ಬರುತ್ತೋ?"

ಸಿದ್ದರಾಮು ನಾಲಿಗೆ ಕಚ್ಚಿಕೊಂಡು ಒಂದೊಂದೇ ಗುಂಡಿ ಒತ್ತಿದ. ನಲವತ್ತು, ಗುಣಿಸು, ಎರಡು, ಐದು. ಎರಡಕ್ಕೂ ಐದಕ್ಕೂ ನಡುವೆ ಒಂದು ಚುಕ್ಕಿ ಬರಬೇಕು ಎನ್ನುವುದು ಅವನಿಗೆ ಹೊಳೆಯಲಿಲ್ಲ.

"ಸಾವ್ರ ಟನ್ನು ಸಾ!"

"ಸಾವಿರ!" ಹೆಡ್‌ಮಾಸ್ಟರು ಕನ್ನಡಕ ತೆಗೆದರು. "ಹಾಗಾದರೆ ಮಂಡ್ಯದ ಫ್ಯಾಕ್ಟರಿಗೆ ನಿಮ್ಮಪ್ಪ ಒಬ್ಬನೇ ಸಾಕಲ್ಲೋ. ಗಾಡಿಗಳ ಸಾಲು ಮದ್ದೂರಿನ ತನಕ ನಿಲ್ಲಬೇಕು."

ಕ್ಲಾಸು ಗೊಳ್ಳೆಂದಿತು. ಸಿದ್ದರಾಮು ಮಾತ್ರ ಬಿಟ್ಟುಕೊಡಲಿಲ್ಲ. "ನಾನೇನ್ ಸುಳ್ಳು ಯೋಳ್ತಾ ಇಲ್ಲ ಸಾ. ಮಿಷಿನ್ನೇ ಯೋಳ್ತಾದೆ, ಬೇಕಾರೆ ನೋಡಿ."

"ಮಿಷಿನ್ನು ಹೇಳುತ್ತೆ, ಸರಿ. ನಿಮ್ಮಪ್ಪನ ಹೊಲ ಏನು ಹೇಳುತ್ತೆ ಅಂತ ಒಂದು ಸಲ ಕೇಳ್ಕೊಂಡು ಬಾ."

ಹೊಲಿಗೆಯ ಮಾತು ಬಂದದ್ದು ಇದಾದ ಮೇಲೆ. ಜೊತೆಗೆ ಇನ್ನೊಂದು ಅಪ್ಪಣೆಯೂ ಆಯಿತು. ಸ್ಕೂಲಿಗೆ ಬಂದ ಸಾಮಾನು ಸ್ಕೂಲಿನ ಬೀರುವಿನಲ್ಲೇ ಇರಬೇಕು. ಬೀಗದ ಕೈ ಜವಾನ ಚೌಡಯ್ಯನ ಹತ್ತಿರ. ಗೋದಮ್ಮ ಮಿಷಿನ್ನನ್ನು ಕರವಸ್ತ್ರದಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಮಂಡ್ಯದ ಬಸ್ಸು ಹತ್ತಿದಳು.

ಮಂಡ್ಯದ ಮನೆಯಲ್ಲಿ ಪದ್ಮಮ್ಮ ಗೊಂಬೆ ಕೂರಿಸುತ್ತಿದ್ದರು. ಮಗಳ ಮುಖ ನೋಡಿ ವಿಷಯ ಬಿಡಿಸಿಕೊಂಡರು.

"ಹೊಲಿಗೆಯಾದರೆ ಹೊಲಿಗೆ. ಅದಕ್ಕ್ಯಾಕೆ ಮುಖ ಬಾಡಿಸ್ಕೊಂಡಿದೀಯೆ? ಸಂಬಳ ಏನು ಕಮ್ಮಿ ಮಾಡ್ತಾರಾ?"

"ಸಂಬಳದ ಮಾತಲ್ಲಮ್ಮ. ಆ ಮಕ್ಕಳು ಈಗ ತಾನೇ ಲೆಕ್ಕದ ಕಡೆ ತಿರುಗಿ ಕೂತಿದಾವೆ. ಮತ್ತೆ ಬೆತ್ತ ತೋರಿಸಿ ಮಗ್ಗಿ ಹೇಳಿಸಿದರೆ ಎದ್ದು ನಾಲೆ ಕಡೆ ಹೋಗ್ತಾವೆ."

"ಹಾಗಾದರೆ ಗೆಲ್ಲು. ಗೆಲ್ಲದೆ ಇದ್ದರೂ ಇರಲಿ, ಒಂದು ಹುಕ್ಕು ಹೊಲಿಯೋದು ಕಲಿ. ಕೂತ್ಕೋ ಇಲ್ಲಿ."

ಗೋದಮ್ಮ ಕೂತಳು. ಬಹಳ ಹೊತ್ತು, ಮೈಯೆಲ್ಲ ಕಣ್ಣಾಗಿ, ಹುಕ್ಕು ಹೊಲಿದಳು. ಹೊಲಿದು ಮುಗಿಸಿ ಎದ್ದರೆ ರವಿಕೆಯೂ ಜೊತೆಗೇ ಎದ್ದು ಬಂತು. ಉಟ್ಟಿದ್ದ ಸೀರೆಯ ಸೆರಗಿಗೆ ಸೇರಿಸಿ ಹೊಲಿದುಬಿಟ್ಟಿದ್ದಳು. ಪದ್ಮಮ್ಮ ಗೊಂಬೆಗಳ ಕಡೆ ತಿರುಗಿಕೊಂಡು, "ಹೇಗಾದರೂ ಮಾಡಿ ಗೆದ್ದುಬಿಡು ತಾಯಿ" ಎಂದರು.

ರಜ ಮುಗಿದು ಸ್ಕೂಲು ಬಾಗಿಲು ತೆರೆದ ದಿನವೇ ಪರಿವೀಕ್ಷಕರು ಬರುವುದೆಂದು ಗೊತ್ತಾಗಿತ್ತು. ಗೋದಮ್ಮ ಮಂಡ್ಯದಿಂದ ಹಿಂದಿನ ರಾತ್ರಿಯೇ ಮಳವಳ್ಳಿಗೆ ಬಂದಿದ್ದು, ಅಲ್ಲಿಂದ ಬೆಳಗಿನ ಮೊದಲ ಬಸ್ಸಿಗೇ ಬಂದಳು. ಬಾಗಿಲಿಗೆ ಕಟ್ಟಿದ್ದ ಮಾವಿನ ಸೊಪ್ಪು ಒಣಗಿ ಸುರುಟಿಕೊಂಡಿತ್ತು. ಬೆಲ್ಲು ಹೊಡೆಯುವ ಕಬ್ಬಿಣದ ತುಂಡಿಗೆ ಸೇವಂತಿಗೆ ಹಾರ, ಬೀರುವಿನ ಮೈಗೆಲ್ಲ ಕುಂಕುಮ. ಚೌಡಯ್ಯ ಕೈ ಕಟ್ಟಿಕೊಂಡು, ಮೆಚ್ಚುಗೆಗೆ ಕಾಯುವವನ ಹಾಗೆ ನಿಂತಿದ್ದ.

"ಅಮ್ಮೋರೆ, ಈ ಸಲ ಆಯುದಪೂಜೆ ಎಂಗ್ ಮಾಡಿವ್ನಿ ನೋಡಿ. ಗುದ್ದಲಿ, ಮಚ್ಚು, ಬೂಗೋಳದ ಉಂಡೆ, ಎಡ್ಮೇಷ್ಟ್ರ ಬೆತ್ತ, ಒಂದ್ನೂ ಬುಟ್ಟಿಲ್ಲ."

"ಬೆತ್ತಕ್ಕೂ ಪೂಜೆನಾ ಚೌಡಯ್ಯ?"

"ಈ ಸ್ಕೂಲ್ನಲ್ಲಿ ಅದ್ಕಿಂತ ದೊಡ್ಡ ಆಯುದ ಯಾವ್ದದೆ ಅಮ್ಮೋರೆ?" ಎಂದವನು ದನಿ ತಗ್ಗಿಸಿ, "ನಿಮ್ ಮಿಷಿನ್ಗೂ ಮಾಡಿವ್ನಿ. ಇನ್ಸ್‌ಪೆಟ್ರು ಬತ್ತರೆ ಅಂದ್ರಲ್ಲ, ಅದ್ಕೇ ಅದ್ಕೆ ಎಲ್ಲಾದ್ಕಿಂತ ಒಂದ್ ಕೈ ಜಾಸ್ತಿ" ಎಂದ.

ಗೋದಮ್ಮ ಬೀರು ತೆಗೆದು ನೋಡಿದಳು. ಮಿಷಿನ್ನು ಮದುವೆ ಗಂಡಿನ ಹಾಗೆ ಕೂತಿತ್ತು. ನಾಲ್ಕು ಮೂಲೆಗೂ ಗಂಧ, ಗಾಜಿನ ಮೇಲೆ ಒಂದು ಒಣಗಿದ ಸೇವಂತಿಗೆ. ಒಂದರಿಂದ ಒಂಬತ್ತರವರೆಗಿನ ಗುಂಡಿಗಳ ನಡುಮಧ್ಯಕ್ಕೆ ಕಾಸಗಲದ ಬೊಟ್ಟು.

"ಬೊಟ್ಟು ನಡುಮದ್ಯಕ್ಕೇ ಇಕ್ಬೇಕಲ್ವರಾ?" ಚೌಡಯ್ಯ ವಿವರಿಸಿದ. "ಮೊದ್ಲು ಬರೀ ಕುಂಕುಮ ಇಕ್ಕುದೆ, ಉದ್ರೋಯ್ತಾ ಇತ್ತು. ಗಂದದಲ್ಲಿ ಕಲೆಸಿ, ತೆಂಗಿನಕಾಯಿ ನೀರು ಒಂದ್ ತೊಟ್ಟು ಬುಟ್ಟೆ ನೋಡಿ, ಗಟ್ಟಿಯಾಗಿ ಕೂತ್ಕತ್ತು."

ನಡುಮಧ್ಯದ ಗುಂಡಿ ಎಂದರೆ ಐದು.

ಗೋದಮ್ಮ ಒದ್ದೆ ಬಟ್ಟೆಯಿಂದ ಒರೆಸಿದಳು. ತೋಳಿನ ಪಿನ್ನು ತೆಗೆದು ಸಂದಿಯಲ್ಲೆಲ್ಲ ಕೆರೆದಳು. ಚೌಡಯ್ಯ ಬಾಯಿಂದ ಉಫ್ ಉಫ್ ಎಂದು ಊದಿದ. ಮಿಷಿನ್ನು ಹೊತ್ತಿಕೊಂಡಿತು. ಒಂದು ಬಂತು, ಎರಡು ಬಂತು, ಆರು ಏಳು ಎಂಟು ಎಲ್ಲಾ ಬಂದವು. ಐದನ್ನು ಒತ್ತಿದರೆ ಗುಂಡಿ ಒಳಕ್ಕೆ ಹೋಯಿತು, ಹೊರಕ್ಕೂ ಬಂತು, ಗಾಜಿನಲ್ಲಿ ಮಾತ್ರ ಏನೂ ಮೂಡಲಿಲ್ಲ.

"ದೇವ್ರಾಣೆ ಒಳ್ಳೇದಾಗ್ಲಿ ಅಂತ್ಲೇ ಮಾಡುದ್ನಲ್ಲ ಅಮ್ಮೋರೆ" ಎಂದ ಚೌಡಯ್ಯನ ಮುಖ ಸಣ್ಣಗಾಯಿತು.

"ಗೊತ್ತು ಚೌಡಯ್ಯ. ಆದರೆ ಇಷ್ಟೊಂದು ಜಾಗ ಇದೆ, ಹಿಂದುಗಡೆ ಇಡಬಾರದಿತ್ತಾ?"

"ದೇವ್ರಿಗೆ ಯಾರಾದ್ರೂ ಬೆನ್ಗೆ ಬೊಟ್ಟು ಇಕ್ತಾರಾ ಅಮ್ಮೋರೆ?"

ಗೋದಮ್ಮ ನಿಂತಲ್ಲೇ ಯೋಚಿಸಿದಳು. ಕೆಟ್ಟಿದೆ ಎಂದು ಈಗಲೇ ಹೇಳಿದರೆ ಪಾಠ ನಿಲ್ಲುತ್ತದೆ, ನಾಳೆಯಿಂದ ಸೂಜಿ ಕೈಗೆ ಬರುತ್ತದೆ. ಹೇಳದೆ ನಿಭಾಯಿಸುವುದಕ್ಕೆ ಒಂದೇ ದಾರಿ. ಐದು ಇಲ್ಲದ ಲೆಕ್ಕಗಳನ್ನೇ ಕೊಡುವುದು. ಚಾಕ್‌ಪೀಸು ಹಿಡಿದು ಅಂಥ ಲೆಕ್ಕಗಳನ್ನು ಮನಸ್ಸಿನಲ್ಲೇ ಆಯ್ದುಕೊಳ್ಳತೊಡಗಿದಳು.

ಪರಿವೀಕ್ಷಕರ ಹೆಸರು ಮರಿಸಿದ್ದಯ್ಯ. ದಪ್ಪ ಮೀಸೆ, ಅರೆತೋಳಿನ ಅಂಗಿ, ಕಂಕುಳಲ್ಲಿ ಛತ್ರಿ. ಮದ್ದೂರಿನಲ್ಲಿ ವರ್ಷಗಟ್ಟಲೆ ಲೆಕ್ಕದ ಮೇಷ್ಟ್ರಾಗಿದ್ದು ಆಮೇಲೆ ಮೇಲಕ್ಕೆ ಹೋದವರು. ಮಧ್ಯಾಹ್ನಕ್ಕೆಂದು ಹೆಡ್‌ಮಾಸ್ಟರು ಮದ್ದೂರು ವಡೆ ತರಿಸಿಟ್ಟಿದ್ದರೂ ಅದರ ಕಡೆ ನೋಡದೆ ನೇರವಾಗಿ ಒಂಬತ್ತನೇ ಕ್ಲಾಸಿಗೆ ನಡೆದು ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಚಲುವನಾರಾಯಣರು. ಬಾಗಿಲ ಹೊರಗೆ ಚೌಡಯ್ಯ, ಕೈ ಮುಗಿದುಕೊಂಡು.

"ಶುರು ಮಾಡಿಯಮ್ಮ. ನಾನು ಇಲ್ಲ ಅಂತ ತಿಳ್ಕೊಳ್ಳಿ" ಎಂದರು ಮರಿಸಿದ್ದಯ್ಯ. ಬೆಂಚು ಅವರ ಭಾರಕ್ಕೆ ಕಿರ್ರೆಂದಿತು.

ಗೋದಮ್ಮ ಇಪ್ಪತ್ತನಾಲ್ಕು ಮೂವತ್ತೆರಡಲ ಎಷ್ಟು ಎಂದು ಬರೆದಳು. ಮಕ್ಕಳು ಏಳ್ನೂರು, ಎಂಟ್ನೂರು ಎಂದು ಕೂಗಿದರು. ಮಿಷಿನ್ನು ಏಳ್ನೂರ ಅರವತ್ತೆಂಟು ಎಂದಿತು. ಏಳ್ನೂರ ಎಪ್ಪತ್ತು ಎಂದಿದ್ದ ಪಟ್ಟಲಮ್ಮನಿಗೆ ಗುಂಡಿಯ ಸರದಿ ಸಿಕ್ಕಿತು. ಪಟ್ಟಲಮ್ಮ ಮುಂದಿನ ಸಾಲಿನ ಹುಡುಗಿ, ನಾಲಿಗೆ ಕತ್ತರಿಯ ಹಾಗೆ. ನಲವತ್ತೆಂಟು ಇಪ್ಪತ್ತೊಂದಲ ಆಯಿತು, ಸಾವಿರದ ಎಂಟು. ಇನ್ನೂ ಒಂದೆರಡು ಆದವು. ಸರದಿ ಸಿದ್ದರಾಮುವಿನ ಕೈಗೆ ಬಂತು. ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಗೋದಮ್ಮನಿಗೆ ಉಸಿರು ಬಂತು.

"ನಿಮ್ಮ ಲೆಕ್ಕ ಸಾಕಮ್ಮ" ಎಂದರು ಮರಿಸಿದ್ದಯ್ಯ ಹಿಂದಿನಿಂದ. "ನಾನೊಂದು ಕೊಡ್ತೀನಿ. ಮೂವತ್ತೈದು ಹದಿನೈದಲ ಎಷ್ಟು?"

ಗೋದಮ್ಮನ ಕೈಯಲ್ಲಿದ್ದ ಚಾಕ್‌ಪೀಸು ಎರಡಾಯಿತು.

"ಐನೂರು!" "ಆರ್ನೂರು ಸಾ!" ಎಂದು ಅಂದಾಜುಗಳು ಹಾರಿದವು. ಸಿದ್ದರಾಮು ಮೂರು ಒತ್ತಿದ. ಐದು ಒತ್ತಿದ. ಮತ್ತೆ ಒತ್ತಿದ. ಅಂಗಿಗೆ ಬೆರಳು ಒರೆಸಿಕೊಂಡು ಇನ್ನೊಂದು ಸಲ ಒತ್ತಿದ.

"ಮಿಸ್, ಐದು ಸತ್ತೋಗದೆ."

ಚಲುವನಾರಾಯಣರು ಕತ್ತು ಉದ್ದ ಮಾಡಿದರು. "ಏನಮ್ಮ, ಕೆಟ್ಟುಹೋಗಿದೆಯಾ?" ಎಂದರು ಮರಿಸಿದ್ದಯ್ಯ. ಬಾಗಿಲ ಹೊರಗೆ ಚೌಡಯ್ಯ ಕಣ್ಣು ಮುಚ್ಚಿಕೊಂಡ.

ಗೋದಮ್ಮನಿಗೆ ಆ ಕ್ಷಣ ಸೂಜಿ ಕಂಡಿತು, ದಾರ ಕಂಡಿತು, ಹುಡುಗಿಯರ ಮುಂದೆ ತಾನು ಸೆರಗು ಹೊಲಿದುಕೊಂಡು ನಿಂತದ್ದೂ ಕಂಡಿತು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಮುಚ್ಚಿಡುವುದು ಇಲ್ಲದಾಗ ಮನುಷ್ಯನ ತಲೆ ಓಡುವ ರೀತಿಯೇ ಬೇರೆ.

"ಹೌದು ಸಾರ್, ಐದು ಕೆಟ್ಟಿದೆ" ಎಂದವಳೇ ಮಕ್ಕಳ ಕಡೆ ತಿರುಗಿದಳು. "ಈಗೇನ್ರೋ ಮಾಡೋದು? ಮನೇಲಿ ಸೇರು ಕಳೆದುಹೋದರೆ ನಿಮ್ಮಮ್ಮ ರಾಗಿ ಅಳೆಯೋದನ್ನೇ ನಿಲ್ಲಿಸಿಬಿಡ್ತಾರಾ?"

"ಇಲ್ಲ ಮಿಸ್, ಪಾವ್ನಲ್ಲಿ ಅಳೀತಾಳೆ" ಎಂದಿತು ಒಂದು ದನಿ.

"ಹಾಗಾದರೆ ಐದಿಲ್ಲದೆ ನನಗೆ ಮೂವತ್ತೈದನ್ನ ಅಳೆದುಕೊಡಿ."

ಪಟ್ಟಲಮ್ಮ ಎದ್ದು ನಿಂತಳು. "ಲೋ ಸಿದ್ದರಾಮ, ಮೂವತ್ನಾಕು ಒತ್ತಿ ಒಂದು ಕೂಡುಸ್ಲಾ. ಬರ್ದೆ ಎಲ್ಲೋಯ್ತದೆ?"

ಸಿದ್ದರಾಮು ಒತ್ತಿದ. ಗಾಜಿನಲ್ಲಿ ಮೂವತ್ತೈದು ಕೆಂಪಗೆ ಹೊತ್ತಿಕೊಂಡಿತು.

"ಬಂತು ಕಣ್ಲಾ ಐದು!" ಎಂದು ಅವನು ಬೆಂಚಿನ ಮೇಲೆ ಹತ್ತಿಬಿಟ್ಟ. "ಗುಂಡಿ ಸತ್ತದೆ, ಐದು ಸತ್ತಿಲ್ಲ ಕಣ್ಲಾ!"

"ಇಳಿಯೋ ಕೆಳಗೆ" ಎಂದಳು ಗೋದಮ್ಮ. "ಇನ್ನೂ ಅರ್ಧ ದಾರಿ. ಹದಿನೈದಕ್ಕೇನು ಮಾಡ್ತೀಯ?"

"ಅದ್ಕೇನ್ ಮಿಸ್, ಅಂಗೇಯ. ಹದಿನಾಕ್ರಲ್ಲಿ ಗುಣಿಸ್ಬುಟ್ಟು ಒಂದು ಕೂಡುಸ್ತೀನಿ." ಟಪಟಪ ಒತ್ತಿ, "ನಾನೂರ ತೊಂಬತ್ತೊಂದು!" ಎಂದು ಹಿಂದಿನ ಬೆಂಚಿನ ಕಡೆ ಗೆದ್ದವನ ಹಾಗೆ ನೋಡಿದ.

ಮರಿಸಿದ್ದಯ್ಯ ಮೀಸೆ ತಿರುವಿದರು. ಗೋದಮ್ಮ, ತಪ್ಪು ಎಂದು ತುದಿನಾಲಿಗೆಗೆ ಬಂದದ್ದನ್ನು ನುಂಗಿಕೊಂಡು ಪಟ್ಟಲಮ್ಮನ ಕಡೆ ನೋಡಿದಳು.

"ಲೇ ಗೂಬೆ" ಎಂದಳು ಪಟ್ಟಲಮ್ಮ. "ಹದಿನೈದು ಗಾಡಿ, ಗಾಡಿಗೆ ಮೂವತ್ತೈದು ಒರೆ ಕಬ್ಬು ಅನ್ಕೊ. ಹದಿನಾಕು ಗಾಡಿ ತುಂಬ್ಬುಟ್ಟು, ಕೊನೇ ಗಾಡಿಗೆ ಒಂದೇ ಒಂದು ಒರೆ ಆಕಿ ಕಳುಸ್ತೀಯೇನ್ಲಾ? ಎತ್ತು ನಗಾಡ್ತವೆ."

ಸಿದ್ದರಾಮು ತಲೆ ಕೆರೆದುಕೊಂಡ. "ಊಂ ಕಣಮ್ಮಿ. ಕೊನೇ ಗಾಡೀಗೂ ಮೂವತ್ತೈದೇ ಆಕ್ಬೇಕು." ತಾನು ಕೂಡಿಸಿದ ಒಂದು ಅಲ್ಲೇ ಇತ್ತು, ಅದರ ಮೇಲೆ ಮೂವತ್ತನಾಲ್ಕು ಕೂಡಿಸಿದ. "ಐನೂರ ಇಪ್ಪತ್ತೈದು ಸಾ."

"ಸರಿ" ಎಂದರು ಮರಿಸಿದ್ದಯ್ಯ. ಅವರು ಈಗ ಬೆಂಚಿನ ತುದಿಗೆ ಜರುಗಿದ್ದರು. "ಇನ್ನೊಂದು ದಾರಿ ಇದೆಯೇನ್ರೋ?"

ಗೂಬೆ ಎನ್ನಿಸಿಕೊಂಡ ಸಿದ್ದರಾಮುವಿಗೆ ರೋಷ ಬಂದಿತ್ತು. ಅವನು ಯಾರನ್ನೂ ಕೇಳದೆ ಬೋರ್ಡಿನ ಹತ್ತಿರ ಹೋಗಿ ಚಾಕ್‌ಪೀಸಿನಲ್ಲಿ ಒಂದು ಉದ್ದನೆಯ ಗದ್ದೆ ಬರೆದ. ಪಕ್ಕಕ್ಕೆ ಅಷ್ಟೇ ದೊಡ್ಡ ಇನ್ನೊಂದು, ಕೆಳಗೆ ಎರಡು.

"ಇದು ನಮ್ ಗದ್ದೆ ಸಾ. ಉದ್ದ ಮೂವತ್ತೈದು, ಅಗ್ಲ ಹದಿನೈದು. ಐದಿಲ್ವಲ್ಲ, ಅದ್ಕೇ ಉದ್ದಾನೂ ಡಬ್ಬಲ್ ಮಾಡುದೆ, ಅಗ್ಲಾನೂ ಡಬ್ಬಲ್ ಮಾಡುದೆ. ಎಪ್ಪತ್ತು ಮೂವತ್ತಲ ಎಲ್ಡು ಸಾವ್ರದ ನೂರು. ಈಗ ನಾಕು ಗದ್ದೆ ಆಯ್ತು. ನಮ್ದು ಅದ್ರಲ್ಲಿ ಒಂದೇ ಅಲ್ವರಾ? ನಾಕ್ರಲ್ಲಿ ಬಾಗ ಮಾಡುದ್ರೆ..." ಎಂದು ಮಿಷಿನ್ನಿಗೆ ಓಡಿ ಒತ್ತಿದ. "ಐನೂರ ಇಪ್ಪತ್ತೈದು! ಆಯ್ತಾ?"

"ಉಳಿದ ಮೂರು ಗದ್ದೆ ಯಾರಿಗೆ ಕೊಟ್ಟೆಯೋ?" ಎಂದರು ಮರಿಸಿದ್ದಯ್ಯ.

"ಎಡ್ಮೇಷ್ಟ್ರಿಗೆ ಬುಟ್ಟೆ ಸಾ."

ಚಲುವನಾರಾಯಣರಿಗೂ ನಗು ತಡೆಯಲಾಗಲಿಲ್ಲ. ಆದರೆ ಅವರು ಸುಲಭಕ್ಕೆ ಸೋಲುವವರಲ್ಲ. ಎದ್ದು ನಿಂತು ಕೇಳಿದರು: "ಗುಣಾಕಾರ ಆಯಿತು. ಭಾಗಾಕಾರಕ್ಕೆ ಏನು ಮಾಡ್ತೀರಿ? ಏಳ್ನೂರ ಮೂವತ್ತೈದನ್ನ ಐದರಿಂದ ಭಾಗಿಸಿ ನೋಡೋಣ. ಈಗ ಯಾವ ಗದ್ದೆ ಬರೀತೀರೋ ಬರೀರಿ."

ಮಕ್ಕಳು ಗುಂಪು ಸೇರಿದರು. ಗುಸುಗುಸು ನಡೆಯಿತು, ತಲೆ ತಲೆಗೆ ಡಿಕ್ಕಿಯಾದವು, "ಬುಡ್ಲಾ ಆಕಡೆ" ಎಂದು ಒಂದು ಮೊಣಕೈ ಪೆಟ್ಟೂ ಬಿತ್ತು. ಗೋದಮ್ಮ ಕಿಟಕಿಗೆ ಒರಗಿ ನಿಂತಳು. ಅವರಿಗೆ ತಿಳಿಯದೆ ಹೋದರೆ ಇಲ್ಲಿಗೇ ಮುಗಿಯಿತು ಎಂದು ಗೊತ್ತಿತ್ತು. ಆದರೂ ಸುಳಿವು ಕೊಡಲಿಲ್ಲ. ಕೊಟ್ಟರೆ ಅದು ಅವಳ ಲೆಕ್ಕವಾಗುತ್ತಿತ್ತು, ಅವರದಲ್ಲ.

ಎದ್ದು ನಿಂತವನು ಮುದ್ದಯ್ಯ. ವರ್ಷವಿಡೀ ತುಟಿ ಪಿಟಕ್ಕೆನ್ನದ ಹುಡುಗ. "ಮೊದ್ಲು ಅತ್ರಲ್ಲಿ ಬಾಗ ಮಾಡದು ಸಾ. ಆಮೇಕೆ ಎಲ್ಡರಲ್ಲಿ ಗುಣಿಸದು. ನೂರ ನಲವತ್ತೇಳು."

ಪಟ್ಟಲಮ್ಮ ಒತ್ತಿ ನೋಡಿದಳು. ಏಳ್ನೂರ ಮೂವತ್ತನಾಲ್ಕಕ್ಕೆ ಒಂದು ಕೂಡಿಸಿ, ಹತ್ತರಿಂದ ಭಾಗಿಸಿ, ಎರಡರಿಂದ ಗುಣಿಸಿ. ನೂರ ನಲವತ್ತೇಳೇ.

ಚಲುವನಾರಾಯಣರು ಮುದ್ದಯ್ಯನ ಕಡೆ ಬಗ್ಗಿದರು. "ಇದು ನಮ್ಮ ತಂದೆ ಹೇಳಿಕೊಟ್ಟ ಬಾಯಿಲೆಕ್ಕ ಕಣಯ್ಯ! ಜಗಲಿ ಮೇಲೆ ಕೂರಿಸಿ ಕಿವಿ ಹಿಂಡಿ ಹೇಳಿಕೊಟ್ಟದ್ದು. ನಿನಗೆ ಯಾರು ಹೇಳಿದರು?"

"ಯಾರೂ ಯೋಳಿಲ್ಲ ಸಾ" ಎಂದ ಮುದ್ದಯ್ಯ. "ಐದೇ ಇಲ್ವಲ್ಲ, ಇನ್ನೇನ್ ಮಾಡದು?"

ಹೆಡ್‌ಮಾಸ್ಟರು ಮೆಲ್ಲಗೆ ಕೂತರು. ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಅದರ ಗಾಜು ಮೊದಲೇ ಚೊಕ್ಕಟವಾಗಿತ್ತು.

"ಗೋದಮ್ಮನವರೇ" ಎಂದರು ಮರಿಸಿದ್ದಯ್ಯ, "ಇದು ಯಾವ ಪದ್ಧತಿ? ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟದ್ದಾ, ಇಲ್ಲ ನೀವೇ ಕಟ್ಟಿದ್ದಾ?"

ನಾನೇ ಕಟ್ಟಿದ್ದು ಎಂದರೆ ಆಗಿಹೋಗುತ್ತಿತ್ತು. ಕೇಳುವವರಿಲ್ಲ. ಗೋದಮ್ಮ ಬಾಗಿಲ ಕಡೆ ನೋಡಿದಳು. ಚೌಡಯ್ಯ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಇದು ಚೌಡಯ್ಯನ ಪದ್ಧತಿ ಸಾರ್" ಎಂದಳು. "ಆಯುಧಪೂಜೆಯಲ್ಲಿ ನಡುಮಧ್ಯಕ್ಕೆ ಬೊಟ್ಟು ಇಟ್ಟ. ಗಂಧ ಒಳಗೆ ಇಳಿದು ಐದು ಹೋಯಿತು. ನಾನು ನೋಡಿದ್ದು ಇವತ್ತು ಬೆಳಿಗ್ಗೆ. ನಿಮ್ಮ ಕಣ್ಣಿಗೆ ಬೀಳದಿರಲಿ ಅಂತ ಐದಿಲ್ಲದ ಲೆಕ್ಕಗಳನ್ನೇ ಕೊಡ್ತಾ ಇದ್ದೆ."

ಮರಿಸಿದ್ದಯ್ಯ ಹೊಟ್ಟೆ ಕುಲುಕುವಂತೆ ನಕ್ಕರು. "ಅದು ಗೊತ್ತಾಯಿತಮ್ಮ. ಲೆಕ್ಕದ ಮೇಷ್ಟ್ರು ಇಷ್ಟೊಂದು ಲೆಕ್ಕ ಕೊಟ್ಟು, ಒಂದರಲ್ಲೂ ಐದು ಬರಲಿಲ್ಲ ಅಂದರೆ ಏನೋ ಮಸಲತ್ತು ಇದೆ ಅಂದ್ಕೊಂಡೆ. ಅದಕ್ಕೇ ಎರಡೆರಡು ಐದು ಸೇರಿಸಿ ಬಿಸಾಕಿದೆ."

ಬಾಗಿಲ ಹೊರಗೆ ಚೌಡಯ್ಯ ಒಂದು ಕಣ್ಣು ಬಿಟ್ಟ.

ಆಫೀಸಿನಲ್ಲಿ ವಡೆಯ ಪೊಟ್ಟಣ ಬಿಚ್ಚಿದರು. ಮರಿಸಿದ್ದಯ್ಯ ಒಂದನ್ನು ಮುರಿದುಕೊಂಡು, "ಹೇಳಿ ಚಲುವನಾರಾಯಣರೇ, ಲೆಕ್ಕ ಯಾರಿಗೆ?" ಎಂದರು.

"ನೀವು ಹೇಳಬೇಕು ಸ್ವಾಮಿ."

"ನಾನು ಹೇಳಿ ಹೋಗಿಬಿಡ್ತೀನಿ. ದಿನಾ ಇವರ ಮುಖ ನೋಡೋರು ನೀವು. ನೀವೇ ಹೇಳಿ."

ಚಲುವನಾರಾಯಣರು ಗೋದಮ್ಮನ ಕಡೆ ತಿರುಗಿದರು. "ಲೆಕ್ಕ ನಿಮ್ಮದೇ ಇರಲಿ ಗೋದಮ್ಮ. ಮಿಷಿನ್ನು ಬಂದರೆ ಮಕ್ಕಳ ತಲೆಗೆ ತುಕ್ಕು ಹಿಡಿಯುತ್ತೆ ಅಂತ ನನಗೆ ಹೆದರಿಕೆ ಇತ್ತು. ಆ ಸಾವಿರ ಟನ್ನು ನೀವೂ ನೋಡಿದಿರಲ್ಲ."

"ನೋಡಿದೆ ಸಾರ್. ನೋಡಿಯೂ ಬಿಟ್ಟದ್ದು ನನ್ನದೇ ತಪ್ಪು. ಇನ್ನು ಮೇಲೆ ಪೂರ್ತಿ ಮಿಷಿನ್ನು ಕೊಡೋದೇ ಇಲ್ಲ. ಒಂದೊಂದು ದಿನ ಒಂದೊಂದು ಗುಂಡಿ ಮುಟ್ಟಬಾರದು ಅಂತ ಮಾಡ್ತೀನಿ."

"ಹಾಂ, ಹಾಗೆ ಮಾಡಿ. ಹೊಲಿಗೆಗೆ ಪೂರಿಗಾಲಿಯಿಂದ ಇಂದ್ರಮ್ಮ ಅನ್ನೋರನ್ನ ಕರೆಸ್ತೀನಿ. ಅವರ ಮನೇಲಿ ಮಿಷಿನ್ನೂ ಇದೆ."

"ಹೊಲಿಗೆ ಮಿಷಿನ್ನು ತಾನೇ?" ಎಂದರು ಮರಿಸಿದ್ದಯ್ಯ ಬಾಯಿ ತುಂಬ ವಡೆ ಇಟ್ಟುಕೊಂಡು. "ಅದಕ್ಕೆ ಚೌಡಯ್ಯ ಎಲ್ಲಿ ಬೊಟ್ಟು ಇಡ್ತಾನೋ ನೋಡ್ಕೊಳ್ಳಿ."

ಮಧ್ಯಾಹ್ನದ ಬೆಲ್ಲು ಹೊಡೆಯಿತು. ಗೋದಮ್ಮ ಎದ್ದಳು. ಮಿಷಿನ್ನು ತೆಗೆದುಕೊಳ್ಳಲು ಕೈ ಚಾಚಿದರೆ ಅದು ಮೇಜಿನ ಮೇಲಿರಲಿಲ್ಲ, ಹೆಡ್‌ಮಾಸ್ಟರ ಅಂಗೈಯಲ್ಲಿತ್ತು.

"ಒಂದು ನಿಮಿಷ ಗೋದಮ್ಮ. ಐನೂರ ಐವತ್ತೈದು ತರಬೇಕು ಅಂದರೆ... ನಾನೂರ ನಲವತ್ತನಾಲ್ಕಕ್ಕೆ ನೂರ ಹನ್ನೊಂದು ಕೂಡಿಸಿದರೆ ಆಯಿತು, ಅಲ್ಲವಾ? ನೋಡಿ, ಬಂತು!"

"ಅಷ್ಟೊಂದು ಯಾಕ್ರೀ ಒತ್ತೀರಿ?" ಎಂದು ಮರಿಸಿದ್ದಯ್ಯ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಸಾವಿರದ ನೂರ ಹತ್ತನ್ನ ಎರಡರಿಂದ ಭಾಗಿಸಿ. ಒಂದು ಒತ್ತು ಕಮ್ಮಿ ಆಗುತ್ತೆ."

"ಕೊಡಿ, ಕೊಡಿ, ಎಣಿಸೋಣ."

"ಮೊದಲು ಕೈ ಒರೆಸ್ಕೊಳ್ಳಿ ಸ್ವಾಮಿ, ವಡೆ ಎಣ್ಣೆ!"

ಹೊರಗೆ ಮರಿಸಿದ್ದಯ್ಯ ಹತ್ತಬೇಕಿದ್ದ ಮಳವಳ್ಳಿಯ ಬಸ್ಸು ಹಾರನ್ನು ಹೊಡೆಯಿತು. ಚೌಡಯ್ಯ ಬಾಗಿಲಲ್ಲಿ ನಿಂತು, "ಸಾ, ಬಸ್ಸು" ಎಂದ. ಇಬ್ಬರೂ ತಲೆ ಎತ್ತಲಿಲ್ಲ. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು.

ಗೋದಮ್ಮ ಬರಿಗೈಯಲ್ಲಿ ಒಂಬತ್ತನೇ ಕ್ಲಾಸಿಗೆ ಹೋದಳು.

"ಮಿಸ್, ಮಿಷಿನ್ನೆಲ್ಲಿ?"

"ಅದು ಇವತ್ತು ಸಿಗಲ್ಲ. ಹಿರಿಯರು ಆಡ್ತಾ ಇದಾರೆ."

"ನಮ್ ಸರದಿ ಯಾವಾಗ ಬತ್ತದೆ ಮಿಸ್?" ಎಂದಳು ಪಟ್ಟಲಮ್ಮ, ಸೊಂಟದ ಮೇಲೆ ಕೈಯಿಟ್ಟು.

"ಅವರು ಬಿಟ್ಟಾಗ. ಅಲ್ಲೀತನಕ ಬಾಯಲ್ಲೇ ಮಾಡೋಣ. ಯಾವ ಅಂಕಿ ಮುಟ್ಟಬಾರದು, ನೀವೇ ಹೇಳಿ."

"ಸೊನ್ನೆ!" ಎಂದ ಸಿದ್ದರಾಮು.

"ಸೊನ್ನೆ, ಸೊನ್ನೆ!" ಎಂದು ಕ್ಲಾಸೆಲ್ಲ ಕೂಗಿತು.

ಗೋದಮ್ಮ ಚಾಕ್‌ಪೀಸು ಹಿಡಿದು ಬೋರ್ಡಿನ ಕಡೆ ತಿರುಗಿದಳು. ಸೊನ್ನೆಯನ್ನು ಮುಟ್ಟದೆ ಇನ್ನೂರ ಮೂರನ್ನು ನೂರ ಏಳರಿಂದ ಗುಣಿಸುವುದು ಹೇಗೆಂದು ಅವಳಿಗೂ ತಕ್ಷಣಕ್ಕೆ ಹೊಳೆಯಲಿಲ್ಲ. ಆದರೂ ಆ ಲೆಕ್ಕವನ್ನೇ ದೊಡ್ಡದಾಗಿ ಬರೆದಳು.